ಹಪ್ಪಳದ ಪ್ಯಾಕೆಟ್ಟಿನ ಮೇಲೆ ಯಾರ ಹೆಸರು

ನಾಯ್ಮಾರ್ಮೂಲೆ

ಮಸ್ಕತ್‌ಗೆ ಹೋಗಿ ಬಂದೆ ಎಂದರೆ ಎಲ್ಲರೂ ಮೊದಲು ಕೇಳುವುದು ಚಿನ್ನ ತಂದಿರಾ ಎಂದು. ತಂದಿಲ್ಲ. ಎರಡನೆಯದು, ಅಲ್ಲಿ ಕುಂಕುಮ ಇಟ್ಟುಕೊಂಡು ಓಡಾಡಬಹುದಾ ಎಂದು. ಧಾರಾಳವಾಗಿ ಓಡಾಡಬಹುದು, ನಾನೇ ಓಡಾಡಿದ್ದೇನೆ. ಹಪ್ಪಳ ಎಂತಾಯ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನು ಹೋದದ್ದೇ ಹಪ್ಪಳಕ್ಕಾಗಿ, ಹಾಗಾಗಿ ಕೇಳದಿದ್ದರೂ ಹೇಳುತ್ತೇನೆ.

ನನ್ನ ಹೆಸರು ಸುಮತಿ, ಊರು ಕಾಸರಗೋಡು ಜಿಲ್ಲೆಯ ಶಿರಿಯ. ಹಲಸಿನ ಹಪ್ಪಳ ಮಾಡಿಸುತ್ತೇನೆ. ಮಾಡಿಸುತ್ತೇನೆ ಎಂದರೆ ಕುರ್ಚಿಯಲ್ಲಿ ಕೂತು ಅಲ್ಲ. ನಾನೂ ಸೇರಿ ಆರು ಹೆಂಗಸರು ಹಲಸು ಬಲಿತಲ್ಲಿಂದ ಮಳೆ ಹಿಡಿಯುವವರೆಗೆ ಸೊಳೆ ಬೇಯಿಸಿ, ಗುದ್ದಿ, ಒತ್ತಿ, ಚಾಪೆಯಲ್ಲಿ ಒಣಗಿಸಿ, ಕಾಗೆ ಓಡಿಸಿ ಕಪ್ಪಾಗುತ್ತೇವೆ. ಊರಿನ ಪ್ಯಾಕೆಟ್ಟಿನ ಮೇಲೆ ಸಿಂಹದ ಮೇಲೆ ಕೂತ ದೇವಿಯ ಚಿತ್ರ ಉಂಟು. ನಮ್ಮ ಕಡೆಯ ಮುಸ್ಲಿಮರು, ಬ್ಯಾರಿಗಳ ಅಂಗಡಿಯಲ್ಲೂ ಅದೇ ಪ್ಯಾಕೆಟ್ ಹೋಗುತ್ತದೆ. ಇಷ್ಟು ವರ್ಷದಲ್ಲಿ ಯಾರೂ ಚಕಾರ ಎತ್ತಿದವರಿಲ್ಲ.

ನಮ್ಮ ಪಕ್ಕದ ಮನೆಯ ಹಮೀದಿಚ್ಚ ಮಸ್ಕತ್‌ನ ಮತ್ರಾದಲ್ಲಿ ಒಂದು ದಿನಸಿ ಅಂಗಡಿ ನೋಡಿಕೊಳ್ಳುತ್ತಾರೆ. ಅಂಗಡಿಯ ಯಜಮಾನ ಅಲ್ಲಿಯವರು, ಎಲ್ಲರೂ ಅವರನ್ನು ಅರ್ಬಾಬ್ ಎನ್ನುತ್ತಾರೆ. ರಜೆಯಲ್ಲಿ ಊರಿಗೆ ಬಂದ ಹಮೀದಿಚ್ಚ ನನ್ನ ಹಪ್ಪಳ ತಿಂದು, ಸುಮತಿಯಕ್ಕ, ನಮ್ಮ ಅಂಗಡಿಯ ಬಾಗಿಲ ಪಕ್ಕದ ಶೆಲ್ಫ್ ನಿಮಗೆ ಎಂದರು. ನಾನು ಆ ಸೀಸನ್ನಿನ ಒಳ್ಳೆಯ ಹಪ್ಪಳವನ್ನೆಲ್ಲ ಅದಕ್ಕೇ ತೆಗೆದಿಟ್ಟೆ. ಊರಿನ ಅಂಗಡಿಯವರಿಗೆ ಈ ಸಲ ಸ್ವಲ್ಪವೇ ಎಂದು ಹೇಳಿ ಬೈಸಿಕೊಂಡೆ.

ಆಮೇಲೆ ಯೋಚನೆ ಹತ್ತಿತು. ದೇವಿಯ ಚಿತ್ರ ಇಟ್ಟುಕೊಂಡು ಅರಬರ ಊರಿಗೆ ಕಳಿಸುವುದು ಹೇಗೆ? ನಾಯ್ಮಾರ್ಮೂಲೆಯಲ್ಲಿ ನನ್ನ ಲೇಬಲ್ ಅಚ್ಚು ಹಾಕುವ ಪ್ರಭಾಕರನ ಹತ್ತಿರ ಹೋದೆ. ಅವನು ಕೊಂಕಣಿಯವನು, ತಲೆ ತುಂಬ ಐಡಿಯಾ. ಆಟೋರಿಕ್ಷಾದಲ್ಲಿ ಅಂಟಿಸುತ್ತಾರಲ್ಲ, ಗಣಪತಿ, ಮಸೀದಿ, ಶಿಲುಬೆ ಮೂರೂ ಒಂದೇ ಚಿತ್ರದಲ್ಲಿ, ಅದನ್ನು ಹಾಕುವ, ಯಾರಿಗೂ ಬೇಜಾರಾಗುವುದಿಲ್ಲ ಎಂದ. ಹಪ್ಪಳ ಮಾರುವುದಾ, ಸೌಹಾರ್ದ ಸಮ್ಮೇಳನ ಮಾಡುವುದಾ ಎಂದು ನಾನು ಬೈದೆ. ಆಗ ಅವನು ಕಂಪ್ಯೂಟರಿನಲ್ಲಿ ಹುಡುಕಿ, ಯಾರದೋ ಮದುವೆ ಕಾಗದಕ್ಕೆ ಮಾಡಿಸಿದ ಬಿಸ್ಮಿಯನ್ನು ತೆಗೆದು ತೋರಿಸಿದ. ಬಿಸ್ಮಿ ಅಂದರೆ ಅವರು ಯಾವ ಕೆಲಸಕ್ಕೂ ಮೊದಲು ಹೇಳುವ ಮಾತು, ದೇವರ ಹೆಸರಿನಲ್ಲಿ ಶುರು ಮಾಡುತ್ತೇನೆ ಎಂದು. ಅರಬಿ ಅಕ್ಷರ ಬಳ್ಳಿ ಹಬ್ಬಿದ ಹಾಗೆ ಎಷ್ಟು ಚೆಂದ ಇತ್ತು ಎಂದರೆ ನನಗೆ ಕಣ್ಣು ತುಂಬಿ ಬಂತು. ಚಿನ್ನದ ಬಣ್ಣದಲ್ಲಿ ಹಾಕು ಎಂದೆ. ಹಮೀದಿಚ್ಚನಿಗೆ ಸರ್‌ಪ್ರೈಸ್ ಆಗಲಿ ಎಂದು ಒಂದು ಮಾತೂ ಕೇಳಲಿಲ್ಲ.

ವಿದ್ಯಾನಗರದಲ್ಲಿ ತಿಂಡಿ ಸಾಮಾನಿಗೆ ಲೈಸೆನ್ಸ್ ಕೊಡುವ ಆಫೀಸಿನಲ್ಲಿ ಲೇಬಲ್ ನೋಡಿದ ಗುಮಾಸ್ತರು ತೂಕ, ತಾರೀಕು, ಎಣ್ಣೆ, ಉಪ್ಪು ಎಲ್ಲ ಮಲಯಾಳದಲ್ಲಿ ಕೇಳಿ ಕೇಳಿ ಬರೆದುಕೊಂಡರು. ಮೇಲೆ ಚಿನ್ನದ ಬಣ್ಣದಲ್ಲಿ ಎಂತ ಉಂಟು ಎಂದು ಅವರೂ ಕೇಳಲಿಲ್ಲ. ಹಪ್ಪಳ ಕಾರ್ಗೋದಲ್ಲಿ ಹೋಯಿತು. ಎರಡು ತಿಂಗಳು ಕಳೆದು ನಾನು ಹೊರಟೆ, ಅಂಗಡಿಯ ಬಾಗಿಲಲ್ಲಿ ಒಂದು ದಿನ ಹಪ್ಪಳ ಕಾಯಿಸಿ ಬಂದವರಿಗೆಲ್ಲ ತಿನ್ನಿಸಲು.

ಮಸ್ಕತ್ ವಿಮಾನ ನಿಲ್ದಾಣ

ವಿಮಾನದ ಬಗ್ಗೆ ಹೇಳಲು ಎಂತದೂ ಇಲ್ಲ. ಶಿರಿಯದಿಂದ ಮಂಗಳೂರಿಗೆ ಬಸ್ಸಿನಲ್ಲಿ ನಿಂತುಕೊಂಡು ಹೋದದ್ದೇ ಅದಕ್ಕಿಂತ ದೊಡ್ಡ ಪ್ರಯಾಣ. ಆದರೆ ಇಳಿದ ಮೇಲೆ ಕಸ್ಟಮ್ಸಿನವರು ನನ್ನ ಬ್ಯಾಗ್ ಬಿಚ್ಚಿದರು. ಆಯ್ಸಮ್ಮನಿಗೆ, ಅಂದರೆ ಹಮೀದಿಚ್ಚನ ಹೆಂಡತಿಗೆ, ಎಂದು ಬೇರೆಯೇ ಮಾಡಿದ ಹಪ್ಪಳ ಹಗ್ಗದಲ್ಲಿ ಕಟ್ಟಿ ಇಟ್ಟಿದ್ದೆ. ಒಬ್ಬ ಆಫೀಸರ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದ, ಬಗ್ಗಿಸಿ ನೋಡಿದ, ಮೂಸಿದ. ಆಮೇಲೆ ಇದು ಯಾವ ಪ್ರಾಣಿಯ ಚರ್ಮ ಎಂದು ಹಿಂದಿಯಲ್ಲಿ ಕೇಳಿದ.

ನನಗೆ ಪಿತ್ತ ನೆತ್ತಿಗೇರಿತು. ಮೂರು ಬಿಸಿಲು ತಿಂದ ಹಪ್ಪಳವನ್ನು ಚರ್ಮ ಎನ್ನುವುದಾ? ಅವನ ಕೈಯಿಂದ ತೆಗೆದುಕೊಂಡು ಹಸಿ ಹಪ್ಪಳವನ್ನೇ ಕಚ್ಚಿ ತಿಂದೆ. ಚಿಕ್ಕಂದಿನಲ್ಲಿ ಚಾಪೆಯಿಂದ ಕದ್ದು ತಿಂದ ಅಭ್ಯಾಸ ಅಲ್ವಾ, ಏನೂ ಕಷ್ಟವಾಗಲಿಲ್ಲ. ಅವನು ಪಕ್ಕದವನನ್ನು ಕರೆದ, ಇಬ್ಬರೂ ನಾನು ಜಗಿದು ಮುಗಿಸುವವರೆಗೆ ನಿಂತು ನೋಡಿದರು. ಆಮೇಲೆ ಇಬ್ಬರೂ ಒಂದೊಂದು ಚೂರು ತಿಂದು ತಲೆ ಆಡಿಸಿ ಬ್ಯಾಗ್ ಮುಚ್ಚಿ ಕೊಟ್ಟರು. ನನ್ನ ಕುಂಕುಮದ ಭರಣಿ, ಕುತ್ತಿಗೆಯ ದೇವಿಯ ಪದಕ ಯಾವುದನ್ನೂ ಅವರು ಕಣ್ಣೆತ್ತಿ ನೋಡಲಿಲ್ಲ. ಅದನ್ನು ಕೇಳಿದರೆ ಏನು ಉತ್ತರ ಕೊಡಬೇಕೆಂದು ನಾನು ಒಂದು ವಾರ ಬಾಯಿಪಾಠ ಮಾಡಿದ್ದೆ, ಎಲ್ಲ ದಂಡವಾಯಿತು.

ಮತ್ರಾ, ಮೊದಲ ದಿನ

ಮತ್ರಾ ಸಮುದ್ರದ ಬದಿಯ ಪೇಟೆ. ಒಂದು ಬದಿ ನೀರು, ಇನ್ನೊಂದು ಬದಿ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಲ್ಲುಗುಡ್ಡ, ನಡುವೆ ಬಿಳಿ ಮನೆಗಳು. ಮೀನಿನ ಮಾರ್ಕೆಟ್ ಉಂಟು, ಆದರೆ ಅಲ್ಲಿ ಯಾರೂ ಬೊಬ್ಬೆ ಹಾಕುವುದಿಲ್ಲ. ನಮ್ಮ ಶಿರಿಯದಲ್ಲಿ ಎರಡು ಬುಟ್ಟಿ ಬೂತಾಯಿ ಮೀನಿಗೆ ಆಗುವ ಗಲಾಟೆ ಅಲ್ಲಿ ಇಡೀ ಮಾರ್ಕೆಟ್ಟಿಗೆ ಆಗುವುದಿಲ್ಲ. ರಸ್ತೆ ಎಷ್ಟು ಶುಚಿ ಎಂದರೆ ಚಾಕೊಲೇಟಿನ ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅರ್ಧ ದಿನ ಓಡಾಡಿದೆ.

ಅಂಗಡಿಗೆ ಹೋದೆ. ಬಾಗಿಲ ಪಕ್ಕದ ಶೆಲ್ಫ್ ಖಾಲಿ. ಒಂದು ಪ್ಯಾಕೆಟ್ಟೂ ಇಲ್ಲ. ನನಗೆ ಆದ ಖುಷಿ ಹೇಳಿ ಪೂರೈಸದು. ಎಲ್ಲ ಮಾರಿ ಹೋಯಿತಾ ಹಮೀದಿಚ್ಚ ಎಂದೆ. ಅವರು ಅಕ್ಕಿ ತೂಗುತ್ತಾ ಇದ್ದರು, ತೂಗುತ್ತಲೇ ಇದ್ದರು. ಕೌಂಟರಿನ ಹಿಂದೆ ಒಂದು ಗೋಣಿ ಚೀಲ ಕಂಡಿತು. ಬಗ್ಗಿ ನೋಡಿದರೆ ನನ್ನದೇ ಹಪ್ಪಳದ ಖಾಲಿ ಪ್ಯಾಕೆಟ್ಟುಗಳು. ಕೆಲವು ಮಡಚಿದ್ದು, ಕೆಲವು ತೊಳೆದು ಒಣಗಿಸಿದ್ದು, ಒಂದಂತೂ ಲಕೋಟೆಯೊಳಗೆ ಹಾಕಿದ್ದು. ಇಲ್ಲಿಯವರು ಖಾಲಿ ಪ್ಯಾಕೆಟ್ಟನ್ನೂ ವಾಪಸು ತರುತ್ತಾರೆಯೇ, ಎಂಥ ಶಿಸ್ತು ಎಂದು ನಾನು ಹೊಗಳಲು ಶುರು ಮಾಡಿದೆ.

ಆಗ ಹಮೀದಿಚ್ಚ ತಕ್ಕಡಿ ಕೆಳಗಿಟ್ಟರು. ನಾವು ಮಾತಾಡುವುದು ತುಳುವಿನಲ್ಲಿ. ಅವರು ಹೇಳಿದ್ದು ಇಷ್ಟು: "ಸುಮತಿಯಕ್ಕ, ದೇವರ ಹೆಸರು ಇರುವುದನ್ನು ನಾವು ಕಸಕ್ಕೆ ಹಾಕುವುದು ಹೇಗೆ?"

ಹಪ್ಪಳ ಎಲ್ಲರಿಗೂ ಇಷ್ಟವಾಗಿತ್ತು. ತಿಂದ ಮೇಲೆ ಖಾಲಿ ಪ್ಯಾಕೆಟ್ಟನ್ನು ಎಂತ ಮಾಡುವುದು ಎಂದು ಒಬ್ಬರಿಗೂ ಗೊತ್ತಾಗಲಿಲ್ಲ. ಮೀನಿನ ಮುಳ್ಳು, ಮಗುವಿನ ಡೈಪರ್ ಬೀಳುವ ಬುಟ್ಟಿಗೆ ಬಿಸ್ಮಿಯನ್ನು ಹಾಕುವವರು ಯಾರು? ಒಬ್ಬ ಡ್ರೈವರ್ ವಾರಗಟ್ಟಲೆ ಕಾರಿನ ಕನ್ನಡಿಯ ಕೆಳಗೆ ಇಟ್ಟುಕೊಂಡನಂತೆ. ಇನ್ನೊಂದು ಮನೆಯಲ್ಲಿ ಪ್ಯಾಕೆಟ್ ಒಡೆಯಲು ಕತ್ತರಿ ಹಾಕಬೇಕಲ್ಲ, ಅಕ್ಷರದ ಮೇಲೆ ಕತ್ತರಿ ಹೋಗುತ್ತದೆ ಎಂದು ಹಪ್ಪಳ ತಿನ್ನದೆ ಫ್ರಿಜ್ಜಿನ ಮೇಲೆ ಇಟ್ಟಿದ್ದಾರಂತೆ. ಕೊನೆಗೆ ಎಲ್ಲರೂ ಅಂಗಡಿಗೇ ತಂದು ಕೊಡಲು ಶುರು ಮಾಡಿದರು. ಚೀಲ ನೋಡಿದ ಅರ್ಬಾಬ್, ಮಾಡಿದವರು ಬರುವವರೆಗೆ ಮಾರುವುದು ಬೇಡ, ಶೆಲ್ಫ್ ಕೊಡುವುದೋ ಬಿಡುವುದೋ ಆಮೇಲೆ ನೋಡುವ ಎಂದರಂತೆ. ಉಳಿದ ಹಪ್ಪಳವೆಲ್ಲ ಹಿಂದಿನ ಗೋಡೌನಿನಲ್ಲಿತ್ತು.

ನನಗೆ ಮೊದಲು ಬಂದದ್ದು ಸಿಟ್ಟು. ಮರ್ಯಾದೆ ಕೊಡಲೆಂದೇ ಹಾಕಿದ್ದು, ಅದೇ ತಪ್ಪಾ ಎಂದು ಕೇಳಿಯೇ ಬಿಟ್ಟೆ. ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದೂ ಬೈದೆ. ಹಮೀದಿಚ್ಚನಿಗೆ ಡಬ್ಬ ಒಡೆದ ದಿನವೇ ಕಂಡಿತ್ತಂತೆ. ನೀವು ಪ್ರೀತಿಯಿಂದ ಹಾಕಿಸಿದ್ದು, ಹೇಗೆ ಹೇಳಲಿ ಎಂದರು. ಮಾರ್ಕರ್ ತೆಗೆದು ಕಪ್ಪು ಬಳಿಯೋಣ ಎಂದುಕೊಂಡರಂತೆ, ಅದಕ್ಕೂ ಕೈ ಬರಲಿಲ್ಲ. ಊರಲ್ಲಿ ನಾವು ಇದಕ್ಕೇ ಅಲ್ವಾ ಬಿಸ್ಮಿ ಬರೆಯುವ ಬದಲು ಏಳ್ನೂರ ಎಂಬತ್ತಾರು ಎಂದು ನಂಬರ್ ಹಾಕುವುದು ಎಂದರು. ಆ ನಂಬರನ್ನು ನಾನು ಲಾರಿಯ ಮೇಲೆ, ಅಂಗಡಿಯ ಬೋರ್ಡಿನ ಮೇಲೆ ಹುಟ್ಟಿದಾಗಿನಿಂದ ನೋಡಿದ್ದೇನೆ, ಯಾಕೆ ಎಂದು ಒಂದು ದಿನ ಕೇಳಿದವಳಲ್ಲ. ಹಾಗಾದರೆ ಅದನ್ನೇ ಹಾಕುವ ಎಂದೆ. ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಮಾರಾಯ್ತಿ, ಹಪ್ಪಳದ ತೂಕ ಎಂದುಕೊಳ್ಳುತ್ತಾರೆ ಎಂದರು.

ಇಬ್ಬರೂ ನಕ್ಕೆವು. ಆಮೇಲೆ ನಾನು ಗೋಡೌನಿಗೆ ಹೋಗಿ ನೋಡಿದೆ. ಮಳೆಗಾಲದ ಮೊದಲಿನ ಆ ಬಿಸಿಲು, ಆರು ಜನರ ಕೈ, ಇಡೀ ಸೀಸನ್ ಆ ಗೋಡೌನಿನಲ್ಲಿತ್ತು. ಶೆಲ್ಫ್ ಹೋದರೆ ಊರಿಗೆ ಹೋಗಿ ಆ ಹೆಂಗಸರಿಗೆ ಯಾವ ಮುಖ ತೋರಿಸಲಿ?

ಬರ್ಕಾ, ಶುಕ್ರವಾರ

ಅರ್ಬಾಬರ ಮನೆ ಬರ್ಕಾದಲ್ಲಿ, ಮಸ್ಕತ್‌ನಿಂದ ಒಂದು ಗಂಟೆಯ ದಾರಿ. ನಾನೇ ಹೋಗಿ ಕ್ಷಮೆ ಕೇಳುತ್ತೇನೆ ಎಂದು ಹಟ ಹಿಡಿದೆ. ಹಮೀದಿಚ್ಚ, ಆಯ್ಸಮ್ಮ, ನಾನು ಮೂವರೂ ಜುಮಾ ನಮಾಜು ಮುಗಿದ ಮೇಲೆ ಹೋದೆವು. ಅರ್ಬಾಬ್ ಎಪ್ಪತ್ತು ದಾಟಿದವರು, ಬಿಳಿ ನಿಲುವಂಗಿ, ಕಸೂತಿಯ ಟೊಪ್ಪಿ, ದೊಡ್ಡ ನಗು. ಹಿಂದಿ ಸಲೀಸಾಗಿ ಬರುತ್ತದೆ. ನನ್ನ ಹಿಂದಿಗಿಂತ ಎಷ್ಟೋ ಚೆನ್ನಾಗಿ.

ನೆಲದಲ್ಲಿ ಕೂರಿಸಿ ಖರ್ಜೂರ ಕೊಟ್ಟರು, ಸಣ್ಣ ಕಪ್ಪಿನಲ್ಲಿ ಏಲಕ್ಕಿಯ ಕಹಿ ಕಾಫಿ ಕೊಟ್ಟರು. ಕುಡಿದ ಕೂಡಲೇ ಮತ್ತೆ ತುಂಬಿಸುತ್ತಾರೆ. ಬೇಡ ಎಂದರೆ ಬೇಜಾರು ಮಾಡಿಕೊಂಡಾರು, ಈಗಾಗಲೇ ಒಂದು ತಪ್ಪು ಆಗಿದೆ ಎಂದು ಏಳು ಕಪ್ಪು ಕುಡಿದೆ. ಸಾಕಾದರೆ ಕಪ್ಪನ್ನು ಕೈಯಲ್ಲಿ ಅಲುಗಾಡಿಸಬೇಕಂತೆ. ನಮ್ಮಲ್ಲಿ ಎಲೆಗೆ ಕೈ ಅಡ್ಡ ಹಿಡಿಯುವುದಿಲ್ಲವೇ, ಹಾಗೆ. ಆಯ್ಸಮ್ಮ ಏಳನೆಯ ಕಪ್ಪಿನ ಮೇಲೆ ಹೇಳಿದಳು. ನನ್ನ ಎದೆ ಚೆಂಡೆ ಬಾರಿಸಿದ ಹಾಗೆ ಹೊಡೆದುಕೊಳ್ಳುತ್ತಿತ್ತು. ಅದು ಕಾಫಿಗೋ ಹೆದರಿಕೆಗೋ ತಿಳಿಯಲಿಲ್ಲ.

ತಪ್ಪಾಯಿತು ಎಂದೆ. ಅರ್ಬಾಬ್ ಕೈ ಅಡ್ಡ ಆಡಿಸಿದರು. ಹೆಸರು ಒಳ್ಳೆಯದೇ, ಅದಕ್ಕೇ ಕಷ್ಟ ಎಂದರು. ನಿಮ್ಮ ಊರಲ್ಲಿ ಮಾರುವ ಪ್ಯಾಕೆಟ್ಟಿನ ಮೇಲೂ ಇದೇ ಉಂಟಾ ಎಂದು ಕೇಳಿದರು. ನನ್ನ ಚೀಲದಲ್ಲಿ ಊರಿನ ಒಂದು ಪ್ಯಾಕೆಟ್ ಇತ್ತು, ತೆಗೆಯಲು ಮನಸ್ಸಿರಲಿಲ್ಲ. ಹಮೀದಿಚ್ಚನ ಮುಖ ನೋಡಿದೆ, ಅವರು ಖರ್ಜೂರದ ಬೀಜ ಎಣಿಸುವವರ ಹಾಗೆ ಕೂತಿದ್ದರು. ತೆಗೆದು ಕೊಟ್ಟೆ. ಅರ್ಬಾಬ್ ಎರಡೂ ಕೈಯಲ್ಲಿ ಹಿಡಿದು, ಕನ್ನಡಕ ಹಾಕಿ, ಸಿಂಹವನ್ನು, ದೇವಿಯನ್ನು ಬಹಳ ಹೊತ್ತು ನೋಡಿದರು. ಇವರು ಯಾರು ಎಂದರು. ನಮ್ಮ ಅಮ್ಮ, ನಾವು ಪೂಜೆ ಮಾಡುವ ದೇವರು ಎಂದೆ.

"ಹಪ್ಪಳ ಖಾಲಿಯಾದ ಮೇಲೆ ಅಮ್ಮ ಎಲ್ಲಿಗೆ ಹೋಗುತ್ತಾರೆ?"

ಅವರು ತಮಾಷೆಗೆ ಕೇಳಲಿಲ್ಲ, ಚುಚ್ಚಲಿಕ್ಕೂ ಕೇಳಲಿಲ್ಲ. ತಿಳಿದುಕೊಳ್ಳಲು ಕೇಳಿದರು. ಕುಂಬಳೆ ಸ್ಟೇಷನ್ನಿನ ಹಿಂದಿನ ಚರಂಡಿಯಲ್ಲಿ ಅಮ್ಮ ಸಿಂಹದ ಸಮೇತ ಬಿದ್ದದ್ದನ್ನು ನಾನೇ ನೋಡಿದ್ದೇನೆ. ನೋಡಿ, ನೋಡದವಳ ಹಾಗೆ ರೈಲು ಹತ್ತಿದ್ದೇನೆ. ಅರಬರಿಗೆ ನೋವಾಗಬಾರದು ಎಂದು ಅಷ್ಟೆಲ್ಲ ತಲೆ ಕೆಡಿಸಿಕೊಂಡವಳಿಗೆ ನನ್ನ ಅಮ್ಮನ ಮೇಲೆ ಯಾರ ಚಪ್ಪಲಿ ಬಿತ್ತು ಎಂಬ ಯೋಚನೆ ಬಂದಿರಲಿಲ್ಲ. ಅಲ್ಲಿ ಕೂತು ನನಗೆ ನಾಚಿಕೆಯಾಯಿತು. ಆಯ್ಸಮ್ಮ ನನ್ನ ಕೈ ಹಿಡಿದುಕೊಂಡಳು.

ಅರ್ಬಾಬರ ಹೆಂಡತಿ ಬಂದು, ಮಾತು ಸಾಕು, ಹಪ್ಪಳ ಕಾಯಿಸಿ ಎಂದು ನಮ್ಮನ್ನು ಅಡಿಗೆಮನೆಗೆ ಎಬ್ಬಿಸಿಕೊಂಡು ಹೋದರು. ಎಣ್ಣೆಯಲ್ಲಿ ಬಿಟ್ಟ ಹಪ್ಪಳ ಅರಳುವುದನ್ನು ನೋಡಿ ಅವರು ಚಪ್ಪಾಳೆ ತಟ್ಟಿದರು. ತಟ್ಟೆ ಹೊರಗೆ ಹೋಯಿತು. ಅರ್ಬಾಬ್ ಒಂದು ಮುರಿದು ಬಾಯಿಗೆ ಹಾಕಿಕೊಂಡು ಜಗಿಯುವುದನ್ನು ನಿಲ್ಲಿಸಿದರು. ಇದು ಎಂತದರಿಂದ ಮಾಡಿದ್ದು ಎಂದರು. ಹಣ್ಣಿನ ಹೆಸರು ಹಿಂದಿಯಲ್ಲಿ ನನಗೆ ನೆನಪಿಗೆ ಬರಲಿಲ್ಲ. ಇಷ್ಟು ದೊಡ್ಡದು, ಹೊರಗೆ ಮುಳ್ಳು, ಒಳಗೆ ಅಂಟು ಎಂದು ಕೈಯಲ್ಲೇ ತೋರಿಸಿದೆ.

ಫೆನೆಸಿ ಎಂದರು ಅವರು. ಅವರ ತಾಯಿಯ ಮನೆ ಜಂಜಿಬಾರಿನಲ್ಲಂತೆ, ಅಲ್ಲಿ ಹಲಸಿಗೆ ಹಾಗೆನ್ನುವುದಂತೆ, ಹಿತ್ತಿಲಲ್ಲೇ ಮರ ಇತ್ತಂತೆ, ಅಜ್ಜಿ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಸೊಳೆ ಬಿಡಿಸಿ ಕೊಡುತ್ತಿದ್ದರಂತೆ. ನಾವೂ ಹಾಗೆಯೇ ಎಣ್ಣೆ ಹಚ್ಚಿಕೊಳ್ಳುವುದು ಎಂದು ನನ್ನ ಅಂಗೈ ತೋರಿಸಿದೆ. ಆಮೇಲೆ ತಟ್ಟೆ ಖಾಲಿಯಾಗುವವರೆಗೆ ಅವರು ಒಂದೊಂದಾಗಿ ಮುರಿದು ತಿಂದರು.

ಹೊರಡುವಾಗ ಅವರು ತೀರ್ಮಾನ ಹೇಳಿದರು. ಹೆಸರಿಲ್ಲದ ಸಾಮಾನು ಅಂಗಡಿಯಲ್ಲಿ ಇಡಲು ಆಗುವುದಿಲ್ಲ. ಭಾನುವಾರ ಬಂದು ನೋಡುತ್ತೇನೆ, ಸರಿ ಕಂಡರೆ ಶೆಲ್ಫ್ ನಿಮಗೆ, ಇಲ್ಲದಿದ್ದರೆ ಇಲ್ಲ. ಯಾರ ಹೆಸರು ಹಾಕಲಿ ಎಂದು ನಾನು ಕೇಳಿದೆ.

"ಮಾಡಿದವರದ್ದು ಹಾಕಿ. ನಿಮ್ಮ ಹೆಸರು ಕಸದ ಬುಟ್ಟಿಗೆ ಬಿದ್ದರೆ ನಿಮಗೆ ಬೇಸರವೇ?"

"ಮೊದಲು ಯಾರಾದರೂ ತಿಂದು ಬುಟ್ಟಿಯವರೆಗೆ ತರಲಿ ಸಾಹೇಬರೇ," ಎಂದೆ. ಅವರು ಗೇಟಿನವರೆಗೆ ನಗುತ್ತಾ ಬಂದರು.

ಹಮೀದಿಚ್ಚನ ಫ್ಲ್ಯಾಟ್

ಶನಿವಾರ ಇಡೀ ದಿನ ಆಯ್ಸಮ್ಮ ಮತ್ತು ನಾನು ನೆಲದಲ್ಲಿ ಕೂತು ಹಪ್ಪಳವನ್ನು ಹಳೆಯ ಪ್ಯಾಕೆಟ್ಟಿನಿಂದ ತೆಗೆದು ಸಾದಾ ಪ್ಯಾಕೆಟ್ಟಿಗೆ ಹಾಕಿದೆವು. ಬಿಸ್ಮಿಯ ಲೇಬಲ್ಲುಗಳನ್ನು ಒಂದು ಬಿಳಿ ಬಟ್ಟೆಯಲ್ಲಿ ಕಟ್ಟಿಟ್ಟೆವು. ಅಂಥದ್ದನ್ನು ಮಸೀದಿಗೆ ಕೊಟ್ಟರೆ ಅವರು ಮರ್ಯಾದೆಯಿಂದ ವಿಲೇವಾರಿ ಮಾಡುತ್ತಾರಂತೆ. ಪ್ರತಿ ಲೇಬಲ್ ಕೊಡುವಾಗ ನನಗೆ ಗೊತ್ತಿಲ್ಲದೆಯೇ ಅದನ್ನು ಕಣ್ಣಿಗೆ ಒತ್ತಿ ಕೊಡುತ್ತಿದ್ದೆ, ನಮಗೆ ಅದೇ ಅಭ್ಯಾಸ. ಆಯ್ಸಮ್ಮ ಅದನ್ನು ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳು ತಾನು ತೆಗೆದದ್ದಕ್ಕೆ ಮುತ್ತು ಕೊಟ್ಟು ಕಟ್ಟಿನಲ್ಲಿ ಇಡತೊಡಗಿದಳು.

ಚಿತ್ರ ಎಂತ ಹಾಕುವುದು ಎಂಬ ಚರ್ಚೆ ಊಟಕ್ಕೆ ಕೂತಾಗ ಶುರುವಾಯಿತು. ತಾವರೆ ಹೂ ಚೆಂದ ಎಂದಳು ಆಯ್ಸಮ್ಮ. ಇಲ್ಲಿ ನಮ್ಮ ಗಿರಾಕಿಗಳಲ್ಲಿ ಅರ್ಧ ಜನ ಕಾಸರಗೋಡಿನವರು, ವೋಟಿಗೆ ನಿಂತಿದ್ದಾರಾ ಎಂದು ಕೇಳುತ್ತಾರೆ ಎಂದರು ಹಮೀದಿಚ್ಚ. ಹಪ್ಪಳ ಒತ್ತುವ ಕೈ ಹಾಕುವ ಎಂದೆ, ಅದೂ ಪಕ್ಷ. ಚಂದ್ರ, ನಕ್ಷತ್ರ, ತೆನೆ, ಕುಡುಗೋಲು ಎಲ್ಲದಕ್ಕೂ ವಾರಸುದಾರರಿದ್ದಾರೆ. ಒಂದು ಏಣಿ ಹಾಕಿದರೆ ಅದೂ ಮುಸ್ಲಿಂ ಲೀಗಿನ ಚಿಹ್ನೆ. ಹಸಿರು ಬಣ್ಣ ಅವರದ್ದು, ಕೇಸರಿ ಇವರದ್ದು, ಕೆಂಪು ಇನ್ನೊಬ್ಬರದ್ದು. ನಮ್ಮ ಜಿಲ್ಲೆಯಲ್ಲಿ ಯಾರಿಗೂ ಸೇರದ ಒಂದು ವಸ್ತು ಹುಡುಕಲು ನಮಗೆ ಊಟದ ಕೈ ಒಣಗಿತು. ಕೊನೆಗೆ ಆಯ್ಸಮ್ಮ, ಹಲಸಿನ ಹಪ್ಪಳಕ್ಕೆ ಹಲಸಿನ ಚಿತ್ರ ಹಾಕಿದರೆ ಆಗುವುದಿಲ್ಲವಾ ಎಂದಳು. ಅದು ಇಷ್ಟು ವರ್ಷ ನನಗಾಗಲಿ ಪ್ರಭಾಕರನಿಗಾಗಲಿ ಹೊಳೆದಿರಲಿಲ್ಲ.

ಅವಳೇ ಬಾಲ್‌ಪೆನ್ನಿನಲ್ಲಿ ಬರೆದಳು. ಮೊದಲನೆಯದರಲ್ಲಿ ಹಣ್ಣು ಗುಂಡಗೆ ಆಗಿ, ತೊಟ್ಟು ಬಾಲದ ಹಾಗೆ ಸುರುಳಿ ಸುತ್ತಿಕೊಂಡು, ಥೇಟ್ ಹಂದಿ. ಹಮೀದಿಚ್ಚ ತಲೆ ಮೇಲೆ ಕೈ ಹೊತ್ತು ಕೂತರು. ಬಿಸ್ಮಿಯಿಂದ ಹೊರಟು ಎಲ್ಲಿಗೆ ಬಂದು ಮುಟ್ಟಿಸಿದಿರಿ ಎಂದು ಕೇಳಿದರು. ಆಯ್ಸಮ್ಮ ನಗುತ್ತಾ ಕಣ್ಣೀರು ಒರೆಸಿಕೊಂಡು ಬಾಲವನ್ನು ನೇರ ಮಾಡಿ, ಎರಡು ಎಲೆ ಇಟ್ಟಳು. ಹಲಸಾಯಿತು. ಕೆಳಗೆ ನಾನು ಕನ್ನಡದಲ್ಲಿ ಬರೆದೆ, ಹಮೀದಿಚ್ಚ ಅರಬಿಯಲ್ಲಿ ಬರೆದರು: ಮಾಡಿದವರು ಸುಮತಿ, ಶಿರಿಯ. ಜೆರಾಕ್ಸ್ ಮಾಡಿಸಿ, ಕತ್ತರಿಸಿ, ಅಂಟಿಸಿದೆವು.

ಆ ಹೆಸರನ್ನು ನೋಡುವಾಗ ಒಂದು ಥರಾ ಆಯಿತು. ನನ್ನ ಮದುವೆ ಕಾಗದ, ರೇಷನ್ ಕಾರ್ಡು, ಪಾಸ್‌ಪೋರ್ಟು ಇಂಥದ್ದನ್ನು ಬಿಟ್ಟರೆ ಅದು ಬೇರೆ ಎಲ್ಲಿಯೂ ಅಚ್ಚಾದದ್ದಿಲ್ಲ. ನಾನು ಮಾಡಿದ್ದನ್ನು ನಾನು ಮಾಡಿದ್ದು ಎಂದು ಬರೆಯಲು ನನಗೇ ಧೈರ್ಯ ಇರಲಿಲ್ಲವೋ ಏನೋ, ಅದಕ್ಕೇ ಅಮ್ಮನನ್ನು ಮುಂದೆ ನಿಲ್ಲಿಸಿದ್ದೆ ಎಂದು ಆಯ್ಸಮ್ಮನಿಗೆ ಹೇಳಿದೆ. ಅವಳು ಇನ್ನೊಂದು ಪ್ಯಾಕೆಟ್ ನನ್ನ ಮುಂದೆ ತಳ್ಳಿ, ಅಂಟಿಸಿ ಅಂಟಿಸಿ ಎಂದಳು.

ಮತ್ರಾ, ಕೊನೆಯ ದಿನಗಳು

ಭಾನುವಾರ ಬೆಳಿಗ್ಗೆ ಅಂಗಡಿಯ ಬಾಗಿಲಲ್ಲಿ ಬಾಣಲೆ ಇಟ್ಟು ಕೂತೆ. ಅರ್ಬಾಬ್ ಬಂದರು, ಪ್ಯಾಕೆಟ್ ಎತ್ತಿ ತಿರುಗಿಸಿ ನೋಡಿದರು. ಆಯ್ಸಮ್ಮನ ಚಿತ್ರ ನೋಡಿ ಫೆನೆಸಿ ಎಂದರು, ಹಂದಿ ಎನ್ನಲಿಲ್ಲ, ನಾವು ಮೂವರೂ ಉಸಿರು ಬಿಟ್ಟೆವು. ನನ್ನ ಹೆಸರನ್ನು ಅರಬಿಯಲ್ಲಿ ನಿಧಾನವಾಗಿ ಓದಿದರು. ಶಿರಿಯ ಎಂದು ಎರಡು ಸಲ ಹೇಳಿ ನೋಡಿದರು. ಆಮೇಲೆ ಆ ಪ್ಯಾಕೆಟ್ಟನ್ನು ತಾವೇ ಬಾಗಿಲ ಪಕ್ಕದ ಶೆಲ್ಫಿನಲ್ಲಿ ಇಟ್ಟು, ಹಮೀದ್, ಇನ್ನುಳಿದದ್ದನ್ನು ತಾ ಎಂದರು. ನಾನು ಎಣ್ಣೆಯ ಹೊಗೆಗೆ ಕಣ್ಣು ಒರೆಸಿಕೊಂಡೆ ಎಂದು ಎಲ್ಲರೂ ತಿಳಿದರು, ತಿಳಿಯಲಿ.

ಬಂದವರೆಲ್ಲ ತಿಂದರು. ಅಬಾಯ ಎಂಬ ಕಪ್ಪು ನಿಲುವಂಗಿ ಹಾಕಿದ ಹೆಂಗಸರು, ಬಂಗಾಳದ ಕೆಲಸಗಾರರು, ಉಪ್ಪಳದ ಒಬ್ಬ ನರ್ಸ್, ಎಲ್ಲರೂ. ಕೆಲವರು ಪ್ಯಾಕೆಟ್ ಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, ಈ ಸಲ ದೇವರ ಹೆಸರು ಇಲ್ಲ ಅಲ್ವಾ ಎಂದು ಹಮೀದಿಚ್ಚನನ್ನು ಕೇಳಿ ಖಾತ್ರಿ ಮಾಡಿಕೊಂಡು ಹೋದರು.

ಮಂಗಳವಾರ ನನ್ನ ವಿಮಾನ. ಬೆಳಿಗ್ಗೆ ಹಮೀದಿಚ್ಚ ಕಾರಿಗೆ ಬ್ಯಾಗ್ ಇಡುವಾಗ ನಾನು ಫ್ಲ್ಯಾಟಿನ ಕೆಳಗೆ ನಿಂತಿದ್ದೆ. ರಸ್ತೆ ಬದಿಯ ದೊಡ್ಡ ಹಸಿರು ಕಸದ ಡಬ್ಬ ಬಾಯಿ ತೆರೆದುಕೊಂಡಿತ್ತು. ಮೇಲೆಯೇ, ಬಾಳೆಹಣ್ಣಿನ ಸಿಪ್ಪೆಯ ಪಕ್ಕ, ನಮ್ಮ ಹಪ್ಪಳದ ಪ್ಯಾಕೆಟ್. ಖಾಲಿ. ಒಂದು ಚೂರೂ ಬಿಡದೆ ತಿಂದು, ಮುದ್ದೆ ಮಾಡಿ, ಯಾವ ಯೋಚನೆಯೂ ಇಲ್ಲದೆ ಬಿಸಾಡಿದ್ದರು. ಮಡಿಕೆಯ ನಡುವಿನಿಂದ ಸುಮತಿ ಎಂದು ಓದಲು ಬರುತ್ತಿತ್ತು.

ನಾನು ಹಮೀದಿಚ್ಚನನ್ನು ಕೂಗಿ ಕರೆದೆ. ಅವರು ಏನಾಯಿತೋ ಎಂದು ಓಡಿ ಬಂದರು. ಡಬ್ಬದ ಕಡೆ ಕೈ ತೋರಿಸಿ, ನೋಡಿ ಹಮೀದಿಚ್ಚ, ಬಿಸಾಡಿದ್ದಾರೆ ಎಂದೆ. ಇಬ್ಬರೂ ಕಸದ ಡಬ್ಬದ ಮುಂದೆ ನಿಂತು ನಕ್ಕದ್ದನ್ನು ಮೇಲಿನ ಕಿಟಕಿಗಳಿಂದ ಎಷ್ಟು ಜನ ನೋಡಿದರೋ ಗೊತ್ತಿಲ್ಲ.